ಸಹಾಯ ಬೇಕ್ರಿ: ಸುಟ್ಟ ಕಲೆಗೆ ಕಾಪರ್ ಪೆಪ್ಟೈಡ್ ಹಚ್ಚಿದವ್ರು ಯಾರರ ಅದೀರೇನು? (ಬಾಗಲಕೋಟೆ)

ನಮಸ್ಕಾರ್ರಿ ಎಲ್ಲಾರಿಗೂ. ಹೋದ ದೀಪಾವಳಿಗೆ ಕರಚಿಕಾಯಿ ಕರಿಯೂಮುಂದ ನಮ್ಮ ಅಕ್ಕನ ಮುಂಗೈಗೆ ಕಾದ ಎಣ್ಣಿ ಸಿಡದಿತ್ತು. ಗಾಯ ಮಾದೈತಿ, ಆದ್ರ ಕಲೆ ದಪ್ಪಗ ಉಬ್ಬಿ ನಿಂತೈತಿ, ಬಿಸಲಾಗ ಭಾಳ ತುರಸ್ತೈತಿ.

ಈಗ ಆಕಿ ಕಾಪರ್ ಪೆಪ್ಟೈಡ್ ಸೀರಂ ತರಸ್ತೀನಿ ಅಂತಾಳ. ನಾನೂ ಓದಿ ನೋಡೀನಿ. ಇದರಾಗಿನ ಪೆಪ್ಟೈಡ್‌ಗೆ ಜಿಎಚ್‌ಕೆ ಅಂತಾರ, ಅದು ಮೂರು ಅಮೈನೊ ಆಮ್ಲದ ಸಣ್ಣ ಸರಪಳಿ. ಲೋರೆನ್ ಪಿಕಾರ್ಟ್ ಅನ್ನೋ ವಿಜ್ಞಾನಿ ಅದನ್ನ 1973ರಾಗ ಮನುಷ್ಯಾರ ರಕ್ತದ ಪ್ಲಾಸ್ಮಾದಾಗ ಗುರುತಿಸಿದ್ರು. ಅದು ತಾಮ್ರ ಹಿಡಕೊಂಡ್ರ ಕಾಪರ್ ಪೆಪ್ಟೈಡ್ ಆಗ್ತೈತಿ, ನೀಲಿ ಬಣ್ಣ ಬರ್ತೈತಿ. ಕೊಲಾಜನ್ (ಚರ್ಮಕ್ಕ ಗಟ್ಟಿತನ ಕೊಡೂ ಪ್ರೋಟೀನು) ಎಳಿಗಳನ್ನ ಒಂದಕ್ಕೊಂದು ಜೋಡಸೂ ಕಿಣ್ವಕ್ಕ ತಾಮ್ರ ಬೇಕೇ ಬೇಕು. ಪ್ರಯೋಗಾಲಯದಾಗ ಚರ್ಮದ ಜೀವಕೋಶಗಳು ಈ ಕಾಪರ್ ಪೆಪ್ಟೈಡ್‌ನಿಂದ ಹೆಚ್ಚು ಕೊಲಾಜನ್ ಮಾಡಿದ್ದೂ ಖರೆ.

ನನಗ ಚಿಂತಿ ಹಚ್ಚಿದ್ದೂ ಅದೇ. ಉಬ್ಬಿದ ಕಲೆಯಾಗ ಮೊದಲೇ ಕೊಲಾಜನ್ ಅತಿಯಾಗಿ ತುಂಬಿರ್ತೈತಿ. ಅದರ ಮ್ಯಾಲೆ ಇದನ್ನ ಹಚ್ಚಿದ್ರ ಕಲೆ ಇಳೀತೈತೋ, ಇನ್ನೂ ಏರತೈತೋ? ಸುಕ್ಕಿಗೆ ಹಚ್ಚಿದವರ ಅನುಭವ ಬೇಕಾದಷ್ಟು ಸಿಗ್ತಾವು, ಸುಟ್ಟ ಕಲೆದ್ದು ಸಿಗವಲ್ದು.

ಒಬ್ಬ ಏಜೆಂಟ್ ವಾಟ್ಸಾಪ್‌ನಾಗ ಇದರದ್ದೇ ಪುಡಿ ಬಾಟ್ಲಿ ತೋರಿಸಿ, ನೀರಾಗ ಕಲಸಿ ಸೂಜಿಲೆ ಚುಚಗೋರಿ ಅಂತಾನ. ಅದು ಮಾತ್ರ ಬ್ಯಾಡೇ ಬ್ಯಾಡ ಅಂದೀನಿ. ಮ್ಯಾಲೆ ಹಚ್ಚೂದು ಬ್ಯಾರೆ, ಒಳಗ ಚುಚ್ಚೂದು ಬ್ಯಾರೆ.

ಉಬ್ಬಿದ ಕಲೆಗೆ ಹಚ್ಚಿದವ್ರು ಏನಾತು ಅಂತ ಹೇಳ್ರಿ. ಕಲೆಗೆ ಹಚ್ಚೂ ಸಿಲಿಕೋನ್ ಜೆಲ್ ಬಳಸಿದವ್ರೂ ಹೇಳ್ರಿ. ಸುಟ್ಟ ಕಲೆ ಚಲೋ ನೋಡೂ ಚರ್ಮದ ಡಾಕ್ಟರ್ ನವನಗರದ ಕಡೆ ಅದಾರೇನು? ಇಲ್ಲಂದ್ರ ವಿಜಯಪುರಕ್ಕ, ಬೆಳಗಾವಿಗೂ ಕರಕೊಂಡು ಹೋಗ್ತೀನ್ರಿ.