ಪೈಥಾನ್: ಯಾಮಲ್ ಫೈಲಿನ ಒಳವಿಭಾಗ ಆಬ್ಜೆಕ್ಟ್ ಆಗದೆ ಡಿಕ್ಷನರಿಯಾಗಿಯೇ ಉಳಿಯುತ್ತಿದೆ

ಪ್ರಶ್ನೆ

ನಮಸ್ಕಾರ. ಕಾನ್ಫಿಗ್ ಫೈಲಿನಲ್ಲಿ ‘ಡೇಟಾಬೇಸ್’ ಅಂತ ಒಂದು ವಿಭಾಗ, ಅದರೊಳಗೆ ಹೋಸ್ಟ್, ಪೋರ್ಟ್, ಟೈಮೌಟ್ ಇವೆ. ಒಳಗಿನದಕ್ಕೂ ಹೊರಗಿನದಕ್ಕೂ ಬೇರೆ ಬೇರೆ ಡೇಟಾಕ್ಲಾಸ್ ಬರೆದಿದ್ದೇನೆ. ಯಾಮಲ್ ಓದುವ ಪೈಯಾಮಲ್ ಲೈಬ್ರರಿಯ ಸೇಫ್ ಲೋಡ್ ಕೊಟ್ಟ ಡಿಕ್ಷನರಿಯನ್ನು ಡಬಲ್ ಸ್ಟಾರ್ ಹಾಕಿ ಹೊರಗಿನ ಕ್ಲಾಸಿಗೆ ಕೊಟ್ಟಾಗ ಎರರ್ ಬರುವುದಿಲ್ಲ. ಆದರೆ ಹೋಸ್ಟ್ ಓದಲು ಹೋದರೆ ‘ಡಿಕ್ಟ್‌ಗೆ ಹೋಸ್ಟ್ ಎಂಬ ಅಟ್ರಿಬ್ಯೂಟ್ ಇಲ್ಲ’ ಎನ್ನುತ್ತದೆ. ಫೀಲ್ಡಿಗೆ ಟೈಪ್ ಕೊಟ್ಟಿದ್ದರೂ ಹೀಗೇಕೆ?

ಉತ್ತರ 1

ಟೈಪ್ ಪರೀಕ್ಷಿಸಿ ಆಬ್ಜೆಕ್ಟ್ ಕಟ್ಟಿಕೊಡುವ ಪೈಡಾಂಟಿಕ್ ಲೈಬ್ರರಿ ಬಳಸಿ. ಡೇಟಾಕ್ಲಾಸ್ ಬದಲು ಬೇಸ್‌ಮಾಡೆಲ್, ಆಮೇಲೆ ಮಾಡೆಲ್ ವ್ಯಾಲಿಡೇಟ್. ಆಯ್ತು.

ಉತ್ತರ 2

ಮೇಲಿನ ಉತ್ತರ ಸರಿ, ಆದರೆ ನೀವು ಕೇಳಿದ್ದು ‘ಏಕೆ’ ಅಂತ. ಡೇಟಾಕ್ಲಾಸ್ ತಾನೇ ಬರೆದುಕೊಳ್ಳುವ ಇನಿಟ್ (ಆಬ್ಜೆಕ್ಟ್ ಶುರುವಾಗುವಾಗ ಓಡುವ ಮೆಥಡ್), ಬಂದ ಬೆಲೆಯನ್ನು ಹಾಗೇ ಫೀಲ್ಡಿಗೆ ಇಡುತ್ತದೆ, ಅಷ್ಟೇ. ಟೈಪನ್ನು ಪರೀಕ್ಷಿಸುವುದೂ ಇಲ್ಲ, ಬದಲಾಯಿಸುವುದೂ ಇಲ್ಲ. ಪೋರ್ಟ್ ಇಂಟ್ ಅಂತ ಬರೆದು ಸ್ಟ್ರಿಂಗ್ ಕೊಟ್ಟರೂ ಸುಮ್ಮನೆ ತೆಗೆದುಕೊಳ್ಳುತ್ತದೆ. ಒಂದೇ ಒಳವಿಭಾಗವಿದ್ದರೆ ಹೊರಗಿನ ಕ್ಲಾಸಿನಲ್ಲಿ, ಇನಿಟ್ ಮುಗಿದ ಕೂಡಲೇ ಓಡುವ ಪೋಸ್ಟ್ ಇನಿಟ್‌ನಲ್ಲಿ, ಬಂದದ್ದು ಡಿಕ್ಷನರಿಯೇ ಎಂದು ನೋಡಿ ಒಳಗಿನ ಕ್ಲಾಸನ್ನು ಕಟ್ಟಿ. ಎರಡು ಸಾಲಿನ ಕೆಲಸ. ಅದಕ್ಕಿಂತ ಆಳ ಹೋದರೆ, ಡಿಕ್ಷನರಿಯಿಂದ ಡೇಟಾಕ್ಲಾಸ್ ಕಟ್ಟುವ ಡೇಸೈಟ್ ಲೈಬ್ರರಿ ಅಥವಾ ಪೈಡಾಂಟಿಕ್.

ಪೈಡಾಂಟಿಕ್‌ಗೆ ಹೋದರೆ ಒಂದನ್ನು ಖಂಡಿತ ಮಾಡಿ: ‘ಎಕ್ಸ್‌ಟ್ರಾ’ ಸೆಟ್ಟಿಂಗನ್ನು ‘ಫರ್ಬಿಡ್’ಗೆ ಇಡಿ. ಗುರುತಿಲ್ಲದ ಕೀಗಳನ್ನು ಪೈಡಾಂಟಿಕ್ ಡಿಫಾಲ್ಟ್ ಆಗಿ ಕಡೆಗಣಿಸುತ್ತದೆ, ಫರ್ಬಿಡ್ ಇದ್ದರೆ ಎರರ್ ಕೊಡುತ್ತದೆ. ಟೈಮೌಟ್‌ಗೆ ಡಿಫಾಲ್ಟ್ ಬೆಲೆ ಇದ್ದು, ಫೈಲಿನಲ್ಲಿ ಯಾರೋ ಒಂದು ಅಕ್ಷರ ತಪ್ಪಿಸಿದರೆ, ಡಿಫಾಲ್ಟೇ ಓಡುತ್ತಿರುತ್ತದೆ, ಯಾರಿಗೂ ತಿಳಿಯುವುದಿಲ್ಲ. ಕಾನ್ಫಿಗ್ ತಪ್ಪಿದ್ದರೆ ಪ್ರೋಗ್ರಾಂ ಶುರುವಾಗುವಾಗಲೇ ನಿಲ್ಲಬೇಕು. ನಡುರಾತ್ರಿ ಯಾವುದೋ ರಿಕ್ವೆಸ್ಟಿನ ಮಧ್ಯೆ ಅಲ್ಲ. ಈ ವಿಷಯದಲ್ಲಿ ನಾನು ರಾಜಿಯಾಗುವವನಲ್ಲ.

ಇನ್ನೊಂದು, ಪೈಯಾಮಲ್ ಅನುಸರಿಸುವುದು ಯಾಮಲ್ 1.1. ಕೋಟ್ಸ್ ಇಲ್ಲದೆ ‘ನೋ’ ಅಂತ ಬರೆದರೆ ಅದು ಫಾಲ್ಸ್. 22:22 ಅಂತ ಬರೆದರೆ ಅರವತ್ತರ ಲೆಕ್ಕದಲ್ಲಿ 1342 ಬರುತ್ತದೆ. ಇಂಥವಕ್ಕೆ ಕೋಟ್ಸ್ ಹಾಕಿಬಿಡಿ.

ಪ್ರಶ್ನೆ ಕೇಳಿದವರು

ಧನ್ಯವಾದ ಸರ್, ಪೋಸ್ಟ್ ಇನಿಟ್‌ನಿಂದ ಹೋಸ್ಟ್ ಸಿಕ್ಕಿತು. ಮುಂದೆ ಸರ್ವರ್‌ಗಳ ಲಿಸ್ಟೂ ಬರಲಿದೆ, ಪ್ರತಿಯೊಂದಕ್ಕೂ ತನ್ನದೇ ಹೋಸ್ಟ್, ಪೋರ್ಟ್. ಆಗ?

ಉತ್ತರ 2

ಹಾಗಾದರೆ ಈಗಲೇ ಪೈಡಾಂಟಿಕ್‌ಗೆ ಬನ್ನಿ. ಫೀಲ್ಡಿನ ಟೈಪ್ ‘ಸರ್ವರ್‌ಗಳ ಲಿಸ್ಟ್’ ಎಂದಿದ್ದರೆ ಪ್ರತಿಯೊಂದನ್ನೂ ಅದೇ ಕಟ್ಟಿಕೊಡುತ್ತದೆ. ಮೂರನೆಯ ಸರ್ವರಿನ ಪೋರ್ಟ್ ತಪ್ಪಿದ್ದರೆ ಎರರ್‌ನಲ್ಲಿ ಸರ್ವರ್ಸ್, 2, ಪೋರ್ಟ್ ಅಂತ ದಾರಿಯೇ ಬರುತ್ತದೆ, ಎಣಿಕೆ ಸೊನ್ನೆಯಿಂದ.