ಕಯಾಕ್ ಮೂತಿ ಹತ್ತಿರ ಪಟ್ಟಿ ತಿರುಗುತ್ತಿಲ್ಲ, ಏನು ಮಾಡೋದು?

ಪ್ರಶ್ನೆ: ಅಚ್ಚುಗಳ ಮೇಲೆ ಮರದ ಪಟ್ಟಿ ಜೋಡಿಸಿ ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ಕಟ್ಟುತ್ತಿದ್ದೇನೆ. ಸೀಡರ್ ಮರದ ಪಟ್ಟಿ, 6 ಮಿ.ಮೀ. ದಪ್ಪ, 19 ಮಿ.ಮೀ. ಅಗಲ. ನಡುಭಾಗದಲ್ಲಿ ಚೆನ್ನಾಗಿ ಕೂರುತ್ತದೆ. ಮೂತಿ ಕಡೆ ಹೋದರೆ ಕೊನೆಯ ಅಚ್ಚಿನಿಂದ ಎದ್ದು ನಿಲ್ಲುತ್ತದೆ. ಒತ್ತಿದರೆ ಚಟ್ ಅಂತ ಸದ್ದು!

ಉತ್ತರ 1: ಸುಮ್ನೆ ಒತ್ತಬೇಡಿ, ಸೀಳುತ್ತದೆ. ಹೀಟ್ ಗನ್ (ಬಿಸಿ ಗಾಳಿ ಊದುವ ಸಾಧನ) ಇದೆ ಅಲ್ವಾ? ಒಂದೇ ಕಡೆ ಹಿಡಿಯದೆ ಆಡಿಸುತ್ತಾ, ಇನ್ನೊಂದು ಕೈಯಲ್ಲಿ ಪಟ್ಟಿಯನ್ನು ಮೆಲ್ಲಗೆ ತಿರುಚಿ. ಮರ ಹಠ ಬಿಡೋದು ಕೈಗೇ ಗೊತ್ತಾಗುತ್ತದೆ. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ತಿರುಚಿ, ಕ್ಲ್ಯಾಂಪ್ ಹಾಕಿ, ಆರಲು ಬಿಡಿ. ಬಿಟ್ಟಾಗ ಒಂಚೂರು ವಾಪಸ್ ಬರುತ್ತದೆ. ಅಂಟು ಆಮೇಲೆ.

ಉತ್ತರ 2: ನಾನಾದರೆ ಅಲ್ಲಿಗೆ ಅರ್ಧ ಅಗಲದ ಪಟ್ಟಿ ಹಾಕುತ್ತೇನೆ. ಹೊರಗೆ ಸಂದು ಬಿಟ್ಟರೆ ಒಳ ಅಂಚನ್ನು ಸಣ್ಣ ಉಜ್ಜುಗೊರಡು, ಅಂದರೆ ಬ್ಲಾಕ್ ಪ್ಲೇನ್‌ನಲ್ಲಿ ಓರೆಯಾಗಿ ಹೆರೆಯಿರಿ.

ಪ್ರಶ್ನೆ ಕೇಳಿದವರು: ಬಿಸಿ ಮಾಡಿದ ಮೇಲೆ ಕೂತಿತು. ಮುಂದಿನದಕ್ಕೆ ಅರ್ಧ ಅಗಲ.