ಗಿಂಪ್ ತೆರೆದ್ರೆ ಬಿಲ್ಲಿಂಗ್ ಸಾಯ್ತದೆ, ಎಂತ ಕಥೆ ಇದು?

ಪ್ರೆಸ್ಸಿನವ, ಉಡುಪಿ:
ಕಲ್ಸಂಕದ ಹತ್ತಿರ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಇರುದು 8 ಜಿಬಿ ರ‍್ಯಾಮಿನ ಒಂದೇ ಉಬುಂಟು ಕಂಪ್ಯೂಟರು; ಬಿಲ್ಲಿಂಗೂ ಅದರಲ್ಲೇ, ಡಿಸೈನೂ ಅದರಲ್ಲೇ. ಬೆಳಿಗ್ಗೆ ಸರಿ ಇರ್ತದೆ. ಮಧ್ಯಾಹ್ನ ಚಿತ್ರ ತಿದ್ದುವ ಗಿಂಪ್‌ನಲ್ಲಿ ದೊಡ್ಡ ಫ್ಲೆಕ್ಸಿನ ಫೈಲು ತೆರೆದ ಕೂಡಲೇ ಬಿಲ್ಲಿಂಗ್ ಬಂದ್. ಲಾಗ್‌ನಲ್ಲಿ ‘ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೊಸೆಸ್’ ಅಂತ, ಪಕ್ಕದಲ್ಲಿ ಬಿಲ್ಲಿಂಗಿನ ಡೇಟಾಬೇಸ್ ಮಾರಿಯಾಡಿಬಿಯ ಹೆಸರು. ಹೊಟ್ಟೆಬಾಕ ಗಿಂಪ್ ಆರಾಮ ಕೂತಿದೆ! ಜಾಗ ಇಲ್ಲದಿದ್ರೆ ಅದಕ್ಕೆ ಆಗಲೇ ‘ಇಲ್ಲ’ ಹೇಳ್ಲಿಕ್ಕೆ ಏನು ದಾಡಿ ಮಾರಾಯ್ರೆ?

ಸುರತ್ಕಲ್ ಸರ್ವರ್:
ಮದುವೆ ಕಾಗದ ಪ್ರಿಂಟ್ ಮಾಡುವವರಲ್ವಾ ನೀವು. ಹಂಚುದು 800 ಕಾಗದ, ಅಡುಗೆ ಭಟ್ರಿಗೆ ಹೇಳುದು 500 ಎಲೆಗೆ. ನಿಮ್ಮ ಉಬುಂಟುವಿನ ಒಳಗಿರುವ ಲಿನಕ್ಸ್ ಮಾಡುದೂ ಅದೇ, ಓವರ್‌ಕಮಿಟ್ ಅಂತ ಹೆಸರು. ಪ್ರೋಗ್ರಾಮ್ ಮೆಮೊರಿ ಕೇಳಿದಾಗ ಸಿಗುದು ಬರೀ ಕಾಗದ. ಅದು ಎಲೆಗೆ ಕೈ ಹಾಕಿದಾಗ, ಅಂದ್ರೆ ಆ ಜಾಗದಲ್ಲಿ ನಿಜವಾಗಿ ಬರೆದಾಗ ಮಾತ್ರ ಅನ್ನ ಬಡಿಸುದು. ಹೆಚ್ಚಿನವು ಕೇಳಿದಷ್ಟು ಉಣ್ಣುದಿಲ್ಲ, ಹಾಗಾಗಿ ನಡೀತದೆ. ಎಲ್ಲ ಒಟ್ಟಿಗೆ ಉಣ್ಲಿಕ್ಕೆ ಕೂತ್ರೆ ‘ಇಲ್ಲ’ ಹೇಳುವ ಹೊತ್ತು ದಾಟಿರ್ತದೆ, ಪಂಕ್ತಿಯಿಂದ ಒಬ್ಬರನ್ನು ಎಬ್ಬಿಸ್ಲೇಬೇಕು. ಅದು ಓಓಎಂ (ಔಟ್ ಆಫ್ ಮೆಮೊರಿ) ಕಿಲ್ಲರ್ ಕೆಲಸ. ಎಬ್ಬಿಸುದು ಕಡೆಗೆ ಬಂದವರನ್ನಲ್ಲ, ಹೆಚ್ಚು ಉಂಡವರನ್ನು. ನಿಮ್ಮ ಮಾರಿಯಾಡಿಬಿಯ ಇನ್ನೋಡಿಬಿ ಬಫರ್ ಪೂಲ್, ಅಂದ್ರೆ ಡೇಟಾ ಇಟ್ಟುಕೊಳ್ಲಿಕ್ಕೆ ಅದು ಮೆಮೊರಿಯಲ್ಲಿ ಹಿಡಿಯುವ ಜಾಗ, ಎಷ್ಟು ಉಂಟು ನೋಡಿ, ಡೀಫಾಲ್ಟ್ 128 ಎಂಬಿ. ಸ್ವಾಪ್, ಅಂದ್ರೆ ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ, ಉಂಟಾ?

ಪ್ರೆಸ್ಸಿನವ, ಉಡುಪಿ:
ಅಯ್ಯೋ, ಇನ್‌ಸ್ಟಾಲ್ ಮಾಡಿದ ಹುಡುಗ 5 ಜಿಬಿ ಹಾಕಿಟ್ಟಿದ್ದಾನೆ! ಸ್ವಾಪ್ ಸೊನ್ನೆ, ಎಸ್‌ಎಸ್‌ಡಿ ಸವೀತದೆ ಅಂತ ತೆಗೆದದ್ದಂತೆ. ಇಷ್ಟು ಸಲ ಬಿದ್ದದ್ದರಲ್ಲಿ ಬಿಲ್ಲು ಹೋಗಿರ್ತದಾ?

ಸುರತ್ಕಲ್ ಸರ್ವರ್:
ಸೇವ್ ಆದದ್ದು ಹೋಗುದಿಲ್ಲ, ಪುನಃ ಶುರುವಾಗುವಾಗ ರೀಡೂ ಲಾಗ್ (ಮಾಡಿದ ಬದಲಾವಣೆಗಳ ದಾಖಲೆ) ನೋಡಿ ಸರಿ ಮಾಡಿಕೊಳ್ತದೆ. ಪೂಲ್ 512 ಎಂಬಿಗೆ ಇಳಿಸಿ, 4 ಜಿಬಿ ಸ್ವಾಪ್ ಫೈಲ್ ಹಾಕಿ. ಮತ್ತೂ ಹೆದರಿಕೆ ಇದ್ರೆ ಮಾರಿಯಾಡಿಬಿಯ ಓಓಎಂ ಸ್ಕೋರ್ ಅಡ್ಜಸ್ಟ್ ಮೈನಸ್ 600 ಮಾಡಿ, ಅಂಕ ಇಳಿದಷ್ಟು ಎಬ್ಬಿಸುದು ಕಡಿಮೆ. ಮೈನಸ್ 1000 ಬೇಡ. ಆಮೇಲೆ ಅದನ್ನು ಮುಟ್ಟುದೇ ಇಲ್ಲ, ಅದೇ ತಿಂದು ತೇಗಿದ್ರೂ ಬೇರೆಯವರ ತಲೆ ಹೋಗ್ತದೆ.

ಮಣಿಪಾಲದ ಅಜ್ಜ:
ಮೊದಲೇ ‘ಇಲ್ಲ’ ಹೇಳಿಸ್ಲಿಕ್ಕೂ ಆಗ್ತದೆ, ಓವರ್‌ಕಮಿಟ್ ಮೆಮೊರಿ ಅನ್ನುವ ಸೆಟ್ಟಿಂಗ್ 2 ಅಂತ ಇಟ್ರೆ. ನಾನು ಒಮ್ಮೆ ಇಟ್ಟು ಕೈ ಸುಟ್ಟುಕೊಂಡವ. ಸ್ವಾಪ್ ಇಲ್ಲದ 8 ಜಿಬಿಯಲ್ಲಿ ಡೀಫಾಲ್ಟ್ ಲೆಕ್ಕ ಅರ್ಧ. ಸುಮಾರು 4 ಜಿಬಿ ಮಾತು ಕೊಟ್ಟಾದ್ಮೇಲೆ ಬಾಗಿಲು ಹಾಕ್ತದೆ. ರ‍್ಯಾಮ್ ಖಾಲಿ ಬಿದ್ದಿತ್ತು, ಬ್ರೌಸರ್ ಮಾತ್ರ ಏಳ್ಲೇ ಇಲ್ಲ.

ಪ್ರೆಸ್ಸಿನವ, ಉಡುಪಿ:
512 ಮಾಡಿ ಸ್ವಾಪ್ ಹಾಕಿ ನಾಲ್ಕು ದಿನ ಆಯ್ತು, ಬಿಲ್ಲಿಂಗ್ ಬೀಳ್ಲಿಲ್ಲ. ಎರಡು ಫ್ಲೆಕ್ಸ್ ಒಟ್ಟಿಗೆ ತೆರೆದ್ರೆ ಒಂದು ಚಾ ಕುಡಿದು ಬರುವಷ್ಟು ಹೊತ್ತು ತೆವಳ್ತದೆ, ಅಷ್ಟೆ. ಆ ಹುಡುಗನಿಗೆ ಇನ್ನೂ ಫೋನ್ ಮಾಡ್ಲಿಲ್ಲ.